ಮಾಬುಭಾಯಿಯ ಅರ್ಧ ನಾಲಿಗೆ

ಮಾಬುಭಾಯಿ ಮಿರ್ಚಿ ಭಜಿ ಕಚ್ಚಿ ಕೆಳಗಿಟ್ಟರು. "ಉರಿ ಭಾಳ ಐತಿ" ಎಂದರು. ಖಾರ ಸಾಲದೆಂದು ಭಜಿ ಅಂಗಡಿಯವನ ಜೊತೆ ದಿನವೂ ಜಗಳ ತೆಗೆಯುತ್ತಿದ್ದ ಮನುಷ್ಯ. ಬಾಯಿ ತೆರೆದು ತೋರಿಸಿದರು. ನಾಲಿಗೆಯ ಅಂಚಿನಲ್ಲಿ ಬಿಳಿ ಕಲೆ ಇತ್ತು.

ಹಳಿಯಾಳದಲ್ಲಿ, ದಾಂಡೇಲಿ ರಸ್ತೆಯ ಬದಿಗೆ ನಮ್ಮ ಲಾರಿ ಗ್ಯಾರೇಜ್. ಅವರು ಎಂಜಿನ್ ಮೇಸ್ತ್ರಿ, ನಾನು ವೆಲ್ಡರ್. ಹುಬ್ಬಳ್ಳಿಯ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ನನ್ನ ಗುಂಗುರು ಕೂದಲು ನೋಡಿ ಅಲ್ಲಿಯ ನರ್ಸ್, "ಯಾವ ದೇಶದವರು?" ಎಂದು ಕೇಳಿದಳು. ಹಳಿಯಾಳದವನು ಎಂದೆ. ಆಫ್ರಿಕಾ ಮೂಲದ ಸಿದ್ದಿಗಳಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಮಾಬುಭಾಯಿ ಮೆಲ್ಲಗೆ ಅಂದರು, "ಆಫ್ರಿಕಾ ಅನ್ನಲೇ ಬಸ್ತ್ಯಾ. ಬೆಡ್ ಲಗೂನ ಸಿಗತೈತಿ."

ಬಯಾಪ್ಸಿ ರಿಪೋರ್ಟ್ ಬಂತು.

ಕ್ಯಾನ್ಸರ್.

ಆಪರೇಶನ್ ಮಾಡಿ ಅರ್ಧ ನಾಲಿಗೆ ತೆಗೆದರು. ಆಮೇಲೆ ರೇಡಿಯೇಶನ್. ಕುತ್ತಿಗೆ ಸುಟ್ಟು ಕಪ್ಪಾಯಿತು. ಬಾಯಿಂದ ಮಾತು ಬರಲಿಲ್ಲ, ನೀರು ತುಂಬಿದ ಕೊಳವೆಯ ಸದ್ದು ಬಂತು.

ಆದರೂ ಗ್ಯಾರೇಜಿಗೆ ಬಂದರು. ಕೆಲಸ ಆಗುತ್ತಿರಲಿಲ್ಲ. ಹಳೆಯ ಟಾಯರಿನ ಮೇಲೆ ಕೂರುತ್ತಿದ್ದರು. ನಮ್ಮಲ್ಲಿ ಚಹಾ ಯಾವಾಗಲೂ ಬೈಟು, ಒಂದನ್ನು ಇಬ್ಬರು ಹಂಚಿಕೊಳ್ಳುತ್ತೇವೆ. ಬೇರೆ ಬೇರೆ ಗ್ಲಾಸಿಗೇ ಸುರಿಯುತ್ತಾರೆ. ಆದರೂ ಅವರ ಪಾಲಿನ ಇನ್ನರ್ಧ ಯಾರೂ ಮುಟ್ಟಲಿಲ್ಲ. "ಅಂಟತೈತೋ ಏನೋ, ಯಾರಿಗ್ಗೊತ್ತು?" ಎಂದರು ಉಳಿದವರು. ಮಾಬುಭಾಯಿಗೆ ಈ ರೋಗ ತಂದ ಅದೇ ಗುಟ್ಕಾವನ್ನು ದವಡೆಯಲ್ಲಿಟ್ಟುಕೊಂಡು ಹೇಳಿದರು. ಹೇಳಿ, ಅಲ್ಲೇ ಉಗಿದರು.

ಆ ಅರ್ಧ ಚಹಾ ನಾನು ಕುಡಿದೆ. ಅಷ್ಟೇ ನಾನು ಮಾಡಿದ ಉಪಕಾರ. ಬಂದ ಗಿರಾಕಿಗಳ ಮುಂದೆ ಮಾಲಕರು ನನ್ನನ್ನು ತೋರಿಸಿ, "ಇವಗ ಪುಣ್ಯ ಬರತೈತಿ ನೋಡ್ರಿ" ಎನ್ನುತ್ತಿದ್ದರು. ಆ ಪುಣ್ಯದಲ್ಲಿ ಒಂದು ಗುಟುಕು ತಮಗೂ ಇರಲಿ ಎಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ.

ಪುಣ್ಯ ಬಂತೋ ಇಲ್ಲವೋ ತಿಳಿಯದು. ಬಂದದ್ದು ಬೇರೆ. ದಿನವೂ ಪಕ್ಕದಲ್ಲಿ ಕೂತು ಕೂತು, ಆ ಕಲಸಿದ ಸದ್ದಿನೊಳಗಿನ ಮಾತು ನನ್ನ ಕಿವಿಗೆ ಸಿಗತೊಡಗಿತು. ಅರ್ಧ ನಾಲಿಗೆ ಹೋಗಿದ್ದರೂ ಅದರ ಚೂಪು ಪೂರ್ತಿ ಉಳಿದಿತ್ತು.

ಒಂದು ದಿನ ಮಾಲಕರು ಎದುರಿಗೆ ನಿಂತು, "ಮಾಬು, ಧೈರ್ಯ ಬಿಡಬ್ಯಾಡ, ಆರಾಮ ಆಗ್ತೀದಿ" ಎಂದರು. ಮಾಬುಭಾಯಿ ಏನೋ ಹೇಳಿದರು.

"ಏನಂದಾ?"

"ನಿಮ್ಮ ದುವಾ ಇರಲಿ ಅಂದ್ರರೀ."

ಮಾಬುಭಾಯಿ ನಿಜಕ್ಕೂ ಅಂದದ್ದು: "ಥಂಡಿಗೆ ಬಿಸಲ ಕಾಸಾಕ ಕುಂತೀನಿ, ಈ ಎಮ್ಮಿ ಅಡ್ಡ ಬಂದು ನಿಂತೈತಿ."

ನಾನು ವೆಲ್ಡಿಂಗ್ ಮುಖವಾಡ ಇಳಿಸಿಕೊಂಡು ಅದರೊಳಗೆ ನಕ್ಕೆ. ಹೀಗೆ ಎಷ್ಟೋ ದಿನ. ಅವರು ಬೈಯುವುದು, ನಾನು ತೊಳೆದು ಹಿಂಡಿ ಸಭ್ಯ ಮಾಡಿ ಹೇಳುವುದು. ಮರುಗುವ ಮುಖ ಮಾಡಿಕೊಂಡು ಬಂದವರೆಲ್ಲ ಆಶೀರ್ವಾದ ಪಡೆದವರ ಹಾಗೆ ಹೋಗುತ್ತಿದ್ದರು.

ಮಳೆಗಾಲಕ್ಕೆ ಕುತ್ತಿಗೆಯಲ್ಲಿ ಗಂಟು ಎದ್ದಿತು. ನುಂಗಲು ಆಗದೆ ಮೂಗಿಗೆ ಟ್ಯೂಬ್ ಬಂತು. ಮತ್ತೆ ಹುಬ್ಬಳ್ಳಿ. ಹೆಂಡತಿ ಜೈನಾಭಾಬಿ, ಭಾಬಿಯ ತಮ್ಮ, ನಾನು. ತಮ್ಮನದು ಮುಂಡಗೋಡದಲ್ಲಿ ಬಟ್ಟೆ ಅಂಗಡಿ. ಭಾವನ ಮುಖಕ್ಕಿಂತ ಫೋನನ್ನೇ ಹೆಚ್ಚು ನೋಡಿದವನು. ಟ್ಯೂಬ್ ಹಾಕಿದ ಮುಖದ ಫೋಟೋ ತೆಗೆದು ಬೀಗರಿಗೆಲ್ಲ ಕಳಿಸಿದ್ದ.

"ಕೀಮೊ ಕೊಡಬಹುದು. ಸ್ವಲ್ಪ ದಿನ ಹೆಚ್ಚಿಗೆ ಸಿಗಬಹುದು, ಖಾತ್ರಿ ಇಲ್ಲ. ತ್ರಾಸ ಆಗ್ತದ" ಎಂದರು ಡಾಕ್ಟರ್. "ಅವರಿಗೇನು ಬೇಕು?"

ಮಾಬುಭಾಯಿ ಬಾಯಿ ತೆರೆದು ಏನೋ ಹೇಳಿದರು.

"ಹೂಂ ಅಂತಾರ ಸರ್, ಶುರು ಮಾಡ್ರಿ" ಎಂದ ತಮ್ಮ. "ಏನೂ ಮಾಡಿಸಲಿಲ್ಲ ಅಂತ ಮಂದಿ ಅನಬಾರದು."

ಭಾಬಿ ನೆಲ ನೋಡುತ್ತಿದ್ದರು. ಮಾಬುಭಾಯಿ ನನ್ನನ್ನು ನೋಡುತ್ತಿದ್ದರು. ರೂಢಿಯಂತೆ ಒಂದು ಮೆತ್ತಗಿನ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ಬ್ಯಾಡ ಅಂತಾರ್ರೀ. ಸಾಕಾತು, ಮನೀಗೆ ಹೋಗೂಣು ಅಂತಾರ. ಮತ್ತ..."

"ಮತ್ತೇನು?"

"ಈ ಮೈದುನನ್ನ ಹೊರಗ ಕಳಸ್ರಿ ಅಂತಾರ."

"ನೀ ಯಾರಲೇ ನಡುವ?" ಎಂದು ತಮ್ಮ ಎದ್ದ. ಡಾಕ್ಟರ್ ಅವನನ್ನು ಕೈಯಿಂದ ತಡೆದು, ಮಾಬುಭಾಯಿಯ ಕಡೆ ಬಗ್ಗಿ, "ಇವರು ಹೇಳಿದ್ದು ಖರೇನ?" ಎಂದು ಕೇಳಿದರು. ಮಾಬುಭಾಯಿ ಹೌದೆಂದು ತಲೆ ಆಡಿಸಿದರು. ಟ್ಯೂಬ್ ಅಲುಗಾಡುವಷ್ಟು ಜೋರಾಗಿ.

ಮನೆಗೆ ಕರೆತಂದೆವು. ಒಂದು ಮಧ್ಯಾಹ್ನ, ಮಾಬುಭಾಯಿ ತಮ್ಮದೇ ಹಾಸಿಗೆಯಲ್ಲಿ ತೀರಿಹೋದರು.

ಮಣ್ಣು ಕೊಡಲು ಗ್ಯಾರೇಜಿನವರೆಲ್ಲ ಬಂದಿದ್ದರು. "ಎಂಥಾ ಮಾತಗಾರ ಇದ್ದ" ಎಂದು ಹೇಳಿ ಕಣ್ಣು ಒರೆಸಿಕೊಂಡರು. ಅವರ ಪಕ್ಕ ಕೂರಲು ಹೆದರಿದ ಇವರಿಗೆ ಆ ಮಾತು ಎಲ್ಲಿ ಕೇಳಿಸಿತ್ತು?

ಮೊನ್ನೆ ಭಾಬಿ ಹೇಳಿಕಳಿಸಿದರು. ಅವರು ಇದ್ದತ್‌ನಲ್ಲಿದ್ದಾರೆ, ಗಂಡ ತೀರಿದ ಮೇಲೆ ಪರಪುರುಷರಿಗೆ ಮುಖ ತೋರಿಸದೆ ಮನೆಯೊಳಗೇ ಇರುವ ಕಾಲ. ನಾನು ಹೊರಗಿನ ಕೋಣೆಯಲ್ಲಿ ಕೂತೆ. ಅವರು ಪರದೆಯ ಹಿಂದಿನಿಂದ ಮಾತಾಡಿದರು.

"ಅವರು ಬಾಯಿ ತೆರದ್ರ ನಂಗ ಅಳು ಬರತಿತ್ತು. ಅದಕ್ಕ ನನ್ನ ಕೂಡ ಮಾತಾಡೂದು ಬಿಟ್ಟಬಿಟ್ರು. ನಿನ್ನ ಮುಂದ ನನ್ನ ಬಗ್ಗೆ ಏನರ ಅಂತಿದ್ರೇನು, ಬಸ್ತ್ಯಾ?"

ಸಭ್ಯವಾಗಿ ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ.

"ಮೂಗಿನಾಗ ಸುರುವಿದ್ರೂ ಇಕಿ ಗಂಜಿ ಸಪ್ಪಗ ಗೊತ್ತಾಗತೈತಿ ಅಂತಿದ್ರು."

ತಪ್ಪಾಯಿತು ಅಂದುಕೊಂಡೆ. ಆಮೇಲೆ ಪರದೆಯ ಆಚೆಯಿಂದ ನಗು ಕೇಳಿಸಿತು. ತಡೆದು ತಡೆದು, ಕೊನೆಗೆ ತಡೆಯಲಾಗದೆ ಬಂದ ನಗು.

"ಮತ್ತೇನಂತಿದ್ರು?"

ಕುರ್ಚಿಯನ್ನು ಪರದೆಯ ಸಮೀಪಕ್ಕೆ ಎಳೆದುಕೊಂಡೆ. ಹೇಳುವುದು ಬಹಳ ಇತ್ತು.