ಮೋತ್ಯಾನನ್ನು ಗುಡ್ಡಕ್ಕೆ ಮುಟ್ಟಿಸದ ಗಾಡಿಯವ

ಅವನ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಗಾಡಿಯ ಕಿಟಕಿಗೆ ಮೊಣಕೈ ಊರಿ ಊರಿ ಬಿಸಿಲಿಗೆ ಸುಟ್ಟದ್ದು. ಆ ಕೈ ಕಂಡರೆ ನನಗೆ ಸಿಟ್ಟು ಬರುತ್ತಿತ್ತು, ಯಾಕೆಂದರೆ ಮಾತಾಡುವಾಗ ಅದನ್ನು ನನ್ನ ಮೂಗಿನ ಮುಂದೆ ಆಡಿಸುತ್ತಿದ್ದ.

ನಾನು ಬೈಲಹೊಂಗಲದಲ್ಲಿ ರೊಟ್ಟಿ ಬಡಿದು ಮಾರುವವಳು. ಅವನು ದಿನಾ ಮುಂಜಾನೆ ಸಣ್ಣ ಗಾಡಿ ತಂದು, ನನ್ನ ರೊಟ್ಟಿ ಬುಟ್ಟಿಗಳನ್ನು ಹೇರಿಕೊಂಡು ಖಾನಾವಳಿಗಳಿಗೆ ಮುಟ್ಟಿಸುವವ. ಹನ್ನೊಂದು ವರ್ಷ ಬಂದ, ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕೇಳಿದರೆ, “ರೊಟ್ಟಿ ಏನ್ ಓಡಿ ಹೊಕ್ಕಾವೇನ್ರಿ ಅಕ್ಕಾರ?” ಅನ್ನುತ್ತಿದ್ದ. ಬಂದವನು ಬುಟ್ಟಿಗೆ ಕೈ ಹಚ್ಚುವ ಮೊದಲು ನಮ್ಮ ನಾಯಿ ಮೋತ್ಯಾನ ಕಿವಿ ತಿರುವಿ ನೋಡಿ, ಉಣ್ಣಿ ಕಿತ್ತು, “ಸಾಹೇಬ್ರ, ಡ್ಯೂಟಿ ಮುಗೀತೇನ್ರಿ?” ಎಂದು ಕೇಳಲೇಬೇಕು. ನಾಯಿಗೆ ಮರ್ಯಾದೆ, ನನಗೆ ಉಪದೇಶ!

ಹದಿನಾಲ್ಕು ವರ್ಷ ತುಂಬುವಷ್ಟರಲ್ಲಿ ಮೋತ್ಯಾನ ಕಣ್ಣು ಹೋದವು, ಹಲ್ಲು ಹೋದವು, ಕೊನೆಗೆ ಹಿಂಗಾಲೂ ಹೋದವು. ಪಡಸಾಲೆಯಲ್ಲಿ ಮಲಗಿದಲ್ಲೇ ಎಲ್ಲಾ. ದನದ ದವಾಖಾನೆಯ ಡಾಕ್ಟರು ನೋವಿಗೆ ಗುಳಿಗೆ ಕೊಟ್ಟು, ಇನ್ನು ಬಹಳ ದಿನ ಇಲ್ಲ ಅಂದರು. ಅದೇ ವಾರ ಮಗಳನ್ನು ನೋಡಲು ವರನ ಕಡೆಯವರು ಬರುವವರಿದ್ದರು. ನನ್ನ ಗಂಡ ಮುಖ ಆಚೆ ಮಾಡಿ ಹೇಳಿದ: “ಎಲ್ಲಮ್ಮನ ಗುಡ್ಡಕ್ಕ ಬಿಟ್ಟು ಬಾ. ನೈವೇದ್ಯದ ಹೋಳಿಗಿ ಬಿದ್ದಿರತಾವ. ತಿಂದು ಆರಾಮ ಇರತೈತಿ.”

ಅದು ಸುಳ್ಳೆಂದು ಹೇಳಿದವನಿಗೂ ಗೊತ್ತು, ಕೇಳಿದವಳಿಗೂ ಗೊತ್ತು. ಆದರೂ ನಾನು ಹೂಂ ಅಂದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಗಾಡಿಯವನಿಗೆ ಹೇಳಿದಾಗ ಒಂದು ಉಪದೇಶವನ್ನೂ ಮಾಡದೆ ಒಪ್ಪಿಕೊಂಡ. ಆಗಲೇ ನನಗೆ ಸಂಶಯ ಬರಬೇಕಿತ್ತು. ಹಿಂದೆ ಗೋಣಿಚೀಲ ಹಾಸಿ ಮೋತ್ಯಾನನ್ನು ಮಲಗಿಸಿದ. ನೋಡಬಾರದೆಂದು ನಾನು ಮುಂದೆ ಕೂತೆ. ಸವದತ್ತಿ ದಾಟಿ, ಗುಡ್ಡ ಇನ್ನೂ ದೂರ ಇರುವಾಗಲೇ ಗಾಡಿ ನಿಲ್ಲಿಸಿ ಕೀಲಿಯನ್ನು ಕಿಸೆಗೆ ಹಾಕಿಕೊಂಡ.

“ಇಲ್ಲೇ ಇಳಸ್ರಿ.”

“ಇಲ್ಲೇನ್ ತಿಂತೈತಿ ಅದು?” ಅಂದೆ.

“ಅಲ್ಲೇನ್ ತಿಂತೈತಿ? ಹಲ್ಲ ಅದಾವೇನ್ರಿ? ಹೋಳಿಗಿ ಬಿದ್ದಲ್ಲಿಗೆ ತೆವಳಿ ಹೋಗೂದ್ರಾಗ ಗಟ್ಟಿ ನಾಯಿಗೋಳು ಹರದ ಹಾಕತಾವ. ಇದು ಉಣ್ಣಲಿ ಅಂತ ನೀವು ಬಂದಿಲ್ಲ ಅಕ್ಕಾರ. ಇದು ಸಾಯೂದು ನಿಮ್ಮ ಕಣ್ಣಿಗೆ ಬೀಳಬಾರದು, ಅದಕ್ಕ ಬಂದೀರಿ.”

ಮೈಯೆಲ್ಲಾ ಉರಿದುಹೋಯಿತು. ನಡುರಸ್ತೆಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. “ಭಾಡ್ಯಾ, ಗಾಡಿ ಹೊಡಿಯೂದು ನಿನ್ನ ಕೆಲಸ! ಹದಿನಾಕು ವರ್ಷ ಸಾಕಿದಾಕಿ ನಾನು, ನೀ ಯಾವಾಂವ ನನಗ ಹೇಳಾಂವ?”

ಅಷ್ಟರಲ್ಲಿ ಹಿಂದಿನಿಂದ ಬೊಗಳುವ ಸದ್ದು. ನಾನು ಯಾರ ಜೊತೆ ಜಗಳಕ್ಕೆ ನಿಂತರೂ ನನ್ನ ಪರ ಬೊಗಳುವುದು ಮೋತ್ಯಾನ ಚಟ. ಅವತ್ತೂ ಏಳಲಾರದೆ, ಮುಂಗಾಲು ಊರಿಕೊಂಡು, ಒಣಗಿದ ಗಂಟಲಲ್ಲಿ ಗಾಡಿಯವನ ಮೇಲೆ ಬೊಗಳುತ್ತಿತ್ತು. ತನ್ನನ್ನು ಬಿಟ್ಟುಹೋಗಲು ಬಂದವಳ ಪರವಾಗಿ!

ಗಾಡಿಯವ ನಾಯಿಗೆ ಕೈ ಮುಗಿದು, “ತಪ್ಪಾತ್ರಿ ಸಾಹೇಬ್ರ,” ಅಂದ. ನನಗೆ ಅಳು ಬಂತು. ಅಳುತ್ತಲೇ ಇನ್ನೂ ನಾಲ್ಕು ಬೈದೆ. ವಾಪಸ್ ಬರುವಾಗ ಹಿಂದೆ ಮೋತ್ಯಾನ ಪಕ್ಕ ಕೂತೆ.

ವರನ ಕಡೆಯವರು ಮೂಗು ಮುಚ್ಚಿಕೊಂಡು ಅವಲಕ್ಕಿ ತಿಂದು ಹೋದರು. ಗಂಡ ಎರಡು ದಿನ ಮಾತು ಬಿಟ್ಟ. ಬಿಡಲಿ ಅಂದೆ. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಮೋತ್ಯಾನಿಗೆ ಬೆರಳಿನಿಂದ ನೆಕ್ಕಿಸುತ್ತಿದ್ದೆ. ಗಾಡಿಯವ ದಿನಾ ಬಂದು ಮಗ್ಗುಲು ಬದಲಿಸಿ ಹುಣ್ಣಿಗೆ ಅರಿಸಿನ ಹಚ್ಚುತ್ತಿದ್ದ. ಆಗಲೂ ಬಾಯಿ ಸುಮ್ಮನಿಲ್ಲ: “ದೂರ ಕುಂಡ್ರಬ್ಯಾಡ್ರಿ. ಕಣ್ಣಿಲ್ಲಂದ್ರೂ ನಿಮ್ಮ ವಾಸನಿ ಗೊತ್ತಾಗತೈತಿ ಅದಕ್ಕ.” ಒಂಬತ್ತನೆಯ ದಿನ ಮುಂಜಾನೆ, ಹಿಟ್ಟಿನ ಕೈಯಲ್ಲೇ ನಾನು ಅದರ ತಲೆ ಹಿಡಿದುಕೊಂಡಿದ್ದಾಗ ಮೋತ್ಯಾ ಹೋಯಿತು. ಎಷ್ಟು ಸುಮ್ಮನೆ ಹೋಯಿತೆಂದರೆ, ಇಷ್ಟಕ್ಕೇ ಏನು ನಾನು ಹೆದರಿ ಓಡಲು ಹೊರಟಿದ್ದು ಎಂದು ನನ್ನ ಮೇಲೇ ಸಿಟ್ಟು ಬಂತು. ಅವತ್ತು ಖಾನಾವಳಿಗಳಿಗೆ ರೊಟ್ಟಿ ಹೋಗಲಿಲ್ಲ.

ಹೋದ ವರ್ಷ ಗಾಡಿಯವ ಬರುವುದು ನಿಂತಿತು. ಆರಾಮಿಲ್ಲ, ರಾಮದುರ್ಗಕ್ಕೆ ಮಗಳ ಮನೆಗೆ ಹೋಗಿದ್ದಾನೆ ಎಂದು ಅವನ ಬದಲಿಗೆ ಬಂದ ಡ್ರೈವರ್ ಹೇಳಿದ. ಫೋನ್ ಹಚ್ಚಿದರೆ, “ಸಣ್ಣ ಜ್ವರಾರಿ ಅಕ್ಕಾರ, ಮುಂದಿನ ವಾರ ಬರತೇನಿ,” ಅಂದ. ಹಾಗೇ ಮೂರು ಸಲ ಅಂದ. ನಾಲ್ಕನೆಯ ಸಲ ಫೋನ್ ಎತ್ತಿದ್ದು ಮಗಳು. ಮಣ್ಣು ಮಾಡಿ ಐದು ದಿನ ಆಗಿತ್ತು. ಹೊಟ್ಟೆಯಲ್ಲಿ ಗಡ್ಡೆಯಂತೆ, ಅವನಿಗೆ ಮೊದಲೇ ಗೊತ್ತಿತ್ತಂತೆ.

ರಾಮದುರ್ಗಕ್ಕೆ ಹೋದೆ. “ನನಗ್ಯಾಕ ಹೇಳಲಿಲ್ಲ ಯವ್ವಾ?” ಎಂದು ಬಂದ ಮಂದಿಯ ಮುಂದೆಯೇ ಅವನ ಮಗಳನ್ನು ಗದರಿದೆ. ಅವಳು ತಲೆ ತಗ್ಗಿಸಿ ಹೇಳಿದಳು: “ಅಪ್ಪಾನೇ ಬ್ಯಾಡ ಅಂದಿದ್ದರಿ. ರೊಟ್ಟಿ ಅಕ್ಕಾರ ಬಂದ್ರ ಬೈತಾರ, ಬೈಸ್ಕೊಳ್ಳಾಕ ನನ್ನ ಕಡೆ ಶಕ್ತಿ ಇಲ್ಲ ಅಂತಿದ್ದರಿ.”

ಬೈಯುತ್ತಿದ್ದೆ, ಖರೆ. ಓಣಿ ಎಲ್ಲಾ ಕೇಳುವ ಹಾಗೆ ಬೈಯುತ್ತಿದ್ದೆ. ಆದರೆ ಅವನ ಮಗ್ಗುಲಿಂದ ಏಳುತ್ತಿರಲಿಲ್ಲ.