ಎಲ್ಲಕ್ಕಿಂತ ದೊಡ್ಡ ಪರದೆ

ಅಕ್ಕ ಹಗರಿಬೊಮ್ಮನಹಳ್ಳಿಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಾನು ಹರಪನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಶಾಲೆಯ ಟೀಚರ್. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ಮೂವತ್ತು ದಾಟಿದ್ದ ಅಕ್ಕನಿಗೆ ಸಂಜೆಯಾದರೆ ಏನೂ ಕಾಣದಂತಾಗಿತ್ತು. ಇರುಳುಗಣ್ಣು ಎಂದು ಎಲ್ಲರೂ ನುಗ್ಗೆಸೊಪ್ಪು ತಿನ್ನಿಸಿದರು. ಆಮೇಲೆ ಹಗಲಲ್ಲೂ ಪಕ್ಕದಲ್ಲೇ ಇಟ್ಟ ಕತ್ತರಿಗಾಗಿ ತಡಕಾಡತೊಡಗಿದಳು. ದಾವಣಗೆರೆಯ ಡಾಕ್ಟರು ಚೀಟಿ ಬರೆದು ಬೆಂಗಳೂರಿಗೆ ಕಳಿಸಿದರು. ಅಕ್ಕನ ಗಂಡ ನಮ್ಮ ಸೋದರಮಾವನೇ. ಅಂಗಡಿ ಬಿಟ್ಟು ಬರಲಾಗದೆಂದು ನನ್ನನ್ನು ಜೊತೆ ಮಾಡಿದ.

ಎರಡು ದಿನ ಪರೀಕ್ಷೆಗಳಾದವು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿನ ಹಿಂಭಾಗ ಸುತ್ತಲಿಂದ ಸಾಯುತ್ತ ಬಂದಿದೆ. ಈಗ ಆಕೆ ನೋಡುತ್ತಿರುವುದು ಕೊಳವೆಯೊಳಗಿಂದ ನೋಡಿದ ಹಾಗೆ. ಆ ಕೊಳವೆಯೂ ಸಣ್ಣದಾಗುತ್ತ ಒಂದು ದಿನ ಮುಚ್ಚಿಹೋಗುತ್ತದೆ. ಇದಕ್ಕೆ ಔಷಧಿಯಿಲ್ಲ, ಆಪರೇಷನ್ನೂ ಇಲ್ಲ. ಗಂಡ ಸಂಬಂಧಿಯೇ ಎಂದು ಕೇಳಿದರು. ಮಕ್ಕಳೆಷ್ಟು ಎಂದು ಕೇಳಿದರು. ಏಳು ವರ್ಷದ ಒಬ್ಬಳೇ ಮಗಳು ಎಂದೆ. "ಅವಳನ್ನೂ ಒಂದು ಸಲ ತೋರಿಸಿ," ಎಂದರು.

ಹೊರಗೆ ಬಂದಾಗ ಹನ್ನೊಂದು ಗಂಟೆ. ಊರಿನ ಬಸ್ಸು ಇದ್ದದ್ದು ರಾತ್ರಿಗೆ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಕೂತೆವು. ಅಕ್ಕ ಇಡ್ಲಿ ಮುರಿದಳು, ತಿನ್ನಲಿಲ್ಲ.

"ಒಂದು ಸಿನಿಮಾ ನೋಡಿಬಿಡೋಣ ನಡಿ," ಎಂದಳು.

"ಈಗೇನು ಸಿನಿಮಾ ಅಕ್ಕಾ?"

"ಮತ್ತ ಯಾವಾಗ ನೋಡ್ಲಿ?"

ಟೇಬಲ್ಲಿನ ಮೇಲಿದ್ದ ಪೇಪರ್ ಎಳೆದುಕೊಂಡು ಸಿನಿಮಾ ಪುಟ ತೆಗೆದೆ. ನಮ್ಮಲ್ಲಾದರೆ ಆರಿಸುವ ಪ್ರಶ್ನೆಯೇ ಇರಲಿಲ್ಲ, ಇದ್ದುದೇ ಒಂದು ಟಾಕೀಸು. ಇಲ್ಲಿ ಪುಟದ ತುಂಬ ಥಿಯೇಟರುಗಳ ಹೆಸರು. ಒಂದೊಂದನ್ನೇ ಓದಿದೆ. ಅಕ್ಕ ಯಾವುದಕ್ಕೂ ಹೂಂ ಅನ್ನಲಿಲ್ಲ. ಕೊನೆಗೆ, "ನಿನಗ ಯಾವುದು ಛಲೋ ಅನಿಸ್ತೈತಿ ಅಲ್ಲಿಗೇ ಹೋಗೋಣ," ಎಂದಳು.

ಆಟೋದವನನ್ನು ಕೇಳಿದೆ. ಬಸ್ ನಿಲ್ದಾಣದ ಹತ್ತಿರದ್ದು ಬೇಡ, ಹೆಂಗಸರಿಬ್ಬರೇ ಹೋಗುವ ಜಾಗವಲ್ಲ ಎಂದ. ಇಲ್ಲೇ ಸಮೀಪ ಒಂದಿದೆ, ಚಿಕ್ಕದು, ಹಳೇದು, ಆದರೆ ಸಂಸಾರಸ್ಥರು ಬರುತ್ತಾರೆ ಎಂದ.

"ಎಲ್ಲಕ್ಕಿಂತ ದೊಡ್ಡ ಪರದಿ ಎಲ್ಲೈತ್ರಿ?" ಎಂದೆ.

"ಅದು ದೂರ ಆಗುತ್ತೆ ಮೇಡಂ."

"ಆಗ್ಲಿ, ಅಲ್ಲಿಗೇ ನಡೀರಿ."

ಹೀಗೆ ಆರಿಸಿದವಳು ನಾನು. ಒಮ್ಮೆಯಾದರೂ ಅಕ್ಕ ದೊಡ್ಡದಾಗಿ ನೋಡಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಹತ್ತಿರದಿಂದ ಚೆನ್ನಾಗಿ ಕಾಣುತ್ತದೆಂದು ಬಾಲ್ಕನಿ ಬಿಟ್ಟು ಕೆಳಗಿನ ಟಿಕೆಟ್ ತೆಗೆದುಕೊಂಡೆ.

ಒಳಗೆ ಕಾಲಿಟ್ಟ ಕೂಡಲೇ ಅಕ್ಕ ನಿಂತುಬಿಟ್ಟಳು. ಅವಳಿಗೆ ಅದು ಪೂರ್ತಿ ಕತ್ತಲು. ಟಾರ್ಚು ಹಿಡಿದಿದ್ದ ಮುದುಕ ಮೆಟ್ಟಿಲಿಗೆ ಬೆಳಕು ಬಿಟ್ಟು ಬೇಗ ಬೇಗ ಎಂದ. ನಾನು ಅವಳ ಎರಡೂ ಕೈ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತ ಒಂದೊಂದೇ ಮೆಟ್ಟಿಲು ಇಳಿಸಿದೆ. ಯಾರೋ ನಕ್ಕರು.

ಸಿನಿಮಾ ಶುರುವಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ ಅಕ್ಕ ತಲೆಯನ್ನು ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದಳು, ಬಿದ್ದುಹೋದ ಸೂಜಿ ಹುಡುಕುವವಳ ಹಾಗೆ.

"ಕಾಣ್ತೈತೇನು?"

"ಒಂದು ಕಿವಿ ಕಾಣ್ತು. ಯಾರದಂತ ನೋಡೋದ್ರೊಳಗ ಹೋತು."

ಆಗ ನನಗೆ ಅರ್ಥವಾಯಿತು. ಕೊಳವೆಯೊಳಗಿಂದ ನೋಡುವವಳಿಗೆ ಬೇಕಾಗಿದ್ದದ್ದು ಸಣ್ಣ ಪರದೆ, ದೂರದ ಕುರ್ಚಿ. ಆ ಹಳೆಯ ಚಿಕ್ಕ ಥಿಯೇಟರಿನ ಕೊನೆಯ ಸಾಲಿನಲ್ಲಿ ಕೂತಿದ್ದರೆ ಒಂದು ಮುಖವಾದರೂ ಪೂರ್ತಿ ಕಾಣುತ್ತಿತ್ತೋ ಏನೋ. ಡಾಕ್ಟರ ಮಾತನ್ನು ಅವಳಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ನಾನೇ. ಊರಿಗೆಲ್ಲ ದೊಡ್ಡ ಪರದೆಯನ್ನು ಹುಡುಕಿ, ಅದರ ಮುಂದೆಯೇ ಅವಳನ್ನು ಕೂರಿಸಿದ್ದೆ.

"ಹಿಂದ ಹೋಗಿ ಕುಂದ್ರೋಣ ಬಾ," ಎಂದೆ.

"ಮತ್ತ ಆ ಮೆಟ್ಲು ಹತ್ತಿಸ್ಬ್ಯಾಡ. ನೀ ನೋಡು, ನಾ ಕೇಳ್ತೀನಿ."

ನಾನೂ ನೋಡಲಿಲ್ಲ. ಸುತ್ತ ಜನ ನಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದಳು.

"ಸಂಜಿ ಆದ್ರ ಹುಡುಗಿ ನನ್ನ ಸೆರಗು ಬಿಡಂಗಿಲ್ಲ. ಕತ್ತಲಂದ್ರ ಹೆದರಿಕಿ ಅಂತ ಬೈತಿದ್ದೆ. ಒಂದೆರಡು ಸಲ ಹೊಡದೀನಿ."

ನಾನು ಅವಳ ಕೈ ಹಿಡಿದುಕೊಂಡೆ.

"ಡಾಕ್ಟರು ಹುಡುಗಿ ಬಗ್ಗೆ ಅಂದದ್ದು ಮನ್ಯಾಗ ಹೇಳಬ್ಯಾಡ," ಎಂದಳು. "ತಿಳಕೊಂಡು ಏನ್ ಮಾಡೋದೈತಿ? ಆಡಿಕೊಂಡಿರ್ಲಿ."

ನಾನು ಹೂಂ ಎಂದೆ. ಇಂಟರ್‌ವಲ್ಲಿನಲ್ಲಿ ದೀಪ ಹತ್ತಿದಾಗ ಎದ್ದು ಬಂದುಬಿಟ್ಟೆವು. ಊರಿಗೆ ಬಂದ ಮೇಲೆ ಮಾವನಿಗೆ ಅಕ್ಕನ ಕಣ್ಣಿನ ವಿಷಯವನ್ನಷ್ಟೇ ಹೇಳಿದೆ. ಆತ ತಲೆ ಕೆಳಗೆ ಹಾಕಿ ಕೇಳಿಸಿಕೊಂಡು ಅಂಗಡಿಗೆ ಹೋದ.

ನಾಲ್ಕು ವರ್ಷ ನಾನು ಬಾಯಿ ಬಿಡಲಿಲ್ಲ. ಮಕ್ಕಳ ಮುಖ ನೋಡಿಯೇ ಸಂಬಳ ತಿನ್ನುವವಳು ನಾನು. ಹಬ್ಬಕ್ಕೆ ಹೋದಾಗಲೆಲ್ಲ ಆ ಹುಡುಗಿ ಬಾಗಿಲಿನ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದನ್ನು ಕಂಡೂ ಸುಮ್ಮನಿದ್ದೆ. ಕೊನೆಗೆ ಅವಳ ಶಾಲೆಯ ಮಾಸ್ತರರೇ ಮಾವನನ್ನು ಕರೆಸಿ, ಈ ಹುಡುಗಿಗೆ ಮಗ್ಗುಲಲ್ಲಿ ಕೂತವರು ಕಾಣುವುದಿಲ್ಲ ಎಂದರು. ಅಷ್ಟರಲ್ಲಿ ಅಕ್ಕ ಹೊಲಿಗೆ ಬಿಟ್ಟಾಗಿತ್ತು.

ಮತ್ತೆ ಅದೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಹುಡುಗಿಯನ್ನು ಪರೀಕ್ಷೆ ಮಾಡಿ, ಅಮ್ಮನದೇ ಕಾಯಿಲೆ ಎಂದರು. ಮೊದಲೇ ತೋರಿಸಿದ್ದರೆ ವಾಸಿಯಾಗುತ್ತಿತ್ತೇ ಎಂದು ಕೇಳಿದೆ. ಇಲ್ಲ ಎಂದರು. ಆ ಮಾತು ಕೇಳಿ ನನಗೆ ಒಂದು ಕ್ಷಣ ಸಮಾಧಾನವಾಯಿತು. ಹಾಗೆ ಸಮಾಧಾನಪಟ್ಟ ನನ್ನ ಮೇಲೆ ನನಗಾದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಹುಡುಗಿಯ ಕೈ ಹಿಡಿದು ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ಅಕ್ಕ ಬಾಗಿಲ ಸದ್ದಿಗೆ ಎದ್ದು ನಿಂತು, ನಾವಿದ್ದ ಕಡೆಗಲ್ಲ, ಬೇರೆ ಕಡೆಗೆ ಮುಖ ಮಾಡಿ, "ಏನಂದ್ರು?" ಎಂದಳು.