ಹೊರೆ ಹೊತ್ತವರಿಗೆ ಕಾಣುವ ಬೋರ್ಡು

ನಾನು ಚಿಕ್ಕವಳಿದ್ದಾಗ ರೈಲೆಂದರೆ ನನಗೆ ಆಟವಲ್ಲ, ಭಯ. ಚಿಕ್ಕಜಾಲದ ಹತ್ತಿರದ ನಮ್ಮೂರಿನಲ್ಲಿ ಹೊಲಕ್ಕೂ ಮನೆಗೂ ನಡುವೆ ಯಲಹಂಕದಿಂದ ಬರುವ ರೈಲಿನ ಹಳಿ ಇತ್ತು. ದಾಟುವ ಕಡೆ ಗೇಟೂ ಇರಲಿಲ್ಲ, ಕಾಯುವವರೂ ಇರಲಿಲ್ಲ. ಎತ್ತರದ ಕಂಬದ ಮೇಲೆ ‘ನಿಲ್ಲಿ’ ಎಂಬ ಬೋರ್ಡು ಮಾತ್ರ. ಅವ್ವ ದಿನಾ ಸಂಜೆ ಹಸಿ ಹುಲ್ಲಿನ ಹೊರೆ ಹೊತ್ತು ಅಲ್ಲೇ ದಾಟುತ್ತಿದ್ದಳು. ಹುಲ್ಲು ಕಣ್ಣು ಕಿವಿಗಳ ಮೇಲೆ ಇಳಿಬಿದ್ದು, ಪಾದದ ಮುಂದಿನ ನೆಲವಷ್ಟೇ ಅವಳಿಗೆ ಕಾಣುತ್ತಿತ್ತು. ಒಂದು ಸಂಜೆ ರೈಲು ಅವಳ ಮೂಗಿನ ಮುಂದೆಯೇ ಹಾದುಹೋಯಿತು. ಹೊರೆ ಅಲ್ಲೇ ಬಿಸಾಕಿ ಬರಿಗೈಯಲ್ಲಿ ಮನೆಗೆ ಬಂದಳು.

ಆ ಭಾನುವಾರ ಅಣ್ಣ ಅಂಗಳದಲ್ಲಿ ಆ ಜಾಗವನ್ನೇ ಆಟಕ್ಕೆ ಕಟ್ಟಿದ. ಮಣ್ಣಿನ ದಿಬ್ಬ, ತೆಂಗಿನ ಕಡ್ಡಿಯ ಹಳಿ, ಬೆಂಕಿಪೊಟ್ಟಣದ ಬೋಗಿಗಳು. ರಸ್ತೆ ಬದಿಯ ಬೋರ್ಡುಗಳು ನನ್ನ ಪಾಲಿಗೆ ಬಂದವು. ಅಪ್ಪ ಹಳೆಯ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಕೊಟ್ಟರು. ಸುಣ್ಣ ಬಳಿದು, ಬಿಸಿಲಿಗೆ ಒಣಗಿಸಿ, ಇದ್ದಿಲಿನಿಂದ ಊರಿನ ಹೆಸರು, ತಿರುವಿನ ಗುರುತು ಎಲ್ಲ ಬರೆದೆ. ಸುಣ್ಣಕ್ಕೆ ಬೆರಳು ಚುರುಗುಟ್ಟುತ್ತಿತ್ತು. ಹಳಿ ದಾಟುವಲ್ಲಿಗೆ ಮಾತ್ರ ಕೆಮ್ಮಣ್ಣಿನಲ್ಲಿ ಒಂದು ಅಂಗೈ ಬರೆದು, ನೆಲಕ್ಕೆ ತಾಗುವಂತೆ ಗಿಡ್ಡವಾಗಿ ನೆಟ್ಟೆ.

ಅಣ್ಣ ನಕ್ಕ. “ಏನೇ ಇದು, ಕೋಳಿ ಓದಕ್ಕಾ?”

“ಅವ್ವಂಗೆ ಕಣೋ. ಉಲ್ಲು ಒತ್ಕಂಡ್ರೆ ಮ್ಯಾಲಿಂದು ಕಾಣಾಕಿಲ್ಲ.”

“ಅವ್ವಂಗೆ ಓದಾಕೆಲ್ಲಿ ಬತ್ತದೆ?”

“ಅದುಕ್ಕೇ ಕೈ ಬರ್ದಿರಾದು.”

“ಬೋರ್ಡ್ ಅಂದ್ರೆ ಎತ್ರುಕ್ಕಿರ್ಬೇಕು. ನೀನೋಗಿ ಮುಸುರೆ ತಿಕ್ಕೋಗು,” ಎಂದು ನನ್ನ ಬೋರ್ಡನ್ನು ಕಿತ್ತೆಸೆದು, ಉದ್ದನೆಯ ಕಡ್ಡಿಗೆ ತಗಡು ಸಿಕ್ಕಿಸಿ ನೆಟ್ಟ.

ಅಷ್ಟರಲ್ಲಿ ಅವ್ವ ಹೊರೆ ಹೊತ್ತು ಅಂಗಳಕ್ಕೆ ಬಂದಳು. ಬಂದವಳೇ ಬೋರ್ಡು, ಹಳಿ, ಬೋಗಿ ಎಲ್ಲವನ್ನೂ ತುಳಿದುಬಿಟ್ಟಳು.

“ಕಣ್ ಕಾಣಾಕಿಲ್ವಾ ನಿಂಗೆ? ಅಷ್ಟೆತ್ರ ಬೋರ್ಡ್ ಆಕಿವ್ನಿ,” ಎಂದು ಅಣ್ಣ ಕೂಗಾಡಿದ.

“ಕಾಣ್ಲಿಲ್ಲ ಮಗಾ, ತಪ್ಪಾಯ್ತು,” ಎಂದಳು ಅವ್ವ. ಹೊರೆ ಇನ್ನೂ ತಲೆಯ ಮೇಲೇ ಇತ್ತು. ಜಗಲಿಯಲ್ಲಿದ್ದ ಅಪ್ಪ ನಕ್ಕರು. ಎದ್ದು ಹೊರೆ ಇಳಿಸಲಿಲ್ಲ.

ಕಾಣದ ಹಾಗೆ ಬೋರ್ಡು ನೆಟ್ಟದ್ದು ಅಣ್ಣ, ತಪ್ಪಾಯ್ತು ಅಂದದ್ದು ಅವ್ವ. ನನಗೆ ಕಿವಿಯವರೆಗೂ ಬಿಸಿಯಾಯಿತು. ಅಪ್ಪನೆದುರು ಮಾತಾಡಿ ಅಭ್ಯಾಸವಿರಲಿಲ್ಲ. ಸುಣ್ಣದ ಕುಡಿಕೆ ಎತ್ತಿಕೊಂಡು ನಿಜವಾದ ಹಳಿಯ ಹತ್ತಿರ ಓಡಿದೆ. ಕಾಲುದಾರಿಯ ಪಕ್ಕ ಮೊಣಕಾಲೆತ್ತರದ ಕಲ್ಲೊಂದಿತ್ತು. ಅಂಗೈಯನ್ನು ಸುಣ್ಣದಲ್ಲಿ ಅದ್ದಿ ಅದರ ಮೇಲೆ ಒತ್ತಿದೆ. ಸಿಟ್ಟು ಇಳಿಯುವವರೆಗೂ ಒತ್ತಿದೆ.

ಮಾರನೆಯ ಸಂಜೆ ಅಲ್ಲೇ ಕಾದು ನಿಂತೆ. ಅವ್ವನ ಪಾದಗಳು ಕಲ್ಲಿನ ಮುಂದೆ ನಿಂತವು. ಹುಲ್ಲಿನೊಳಗಿಂದ, “ಯಾರ್ದೇ ಈ ಕೈ?” ಎಂದಳು.

“ನಂದೇ. ನಿಂತ್ಕೊ ಅಂತ.”

ಅವ್ವ ಒಂದು ಕೈಯಿಂದ ಹುಲ್ಲು ಸರಿಸಿ ಎರಡೂ ಕಡೆ ನೋಡಿ ದಾಟಿದಳು. ಮಳೆ ತೊಳೆದಾಗಲೆಲ್ಲ ನಾನು ಹೋಗಿ ಮತ್ತೆ ಕೈ ಒತ್ತಿ ಬರುತ್ತಿದ್ದೆ.

ಈಗ ನೀವು ಮೊಮ್ಮಕ್ಕಳು ತಣಿಸಂದ್ರದ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ರೈಲಿನ ಆಟ ಕಟ್ಟುತ್ತೀರಿ. ಹೆಬ್ಬಾಳ, ಯಲಹಂಕ ಎಂದು ಹಸಿರು ಬೋರ್ಡು ಮಾಡಿ ರಸ್ತೆ ಬದಿಗೆ ನಿಲ್ಲಿಸುತ್ತೀರಿ. ಅಕ್ಷರ ಬಹಳ ಅಂದವಾಗಿದೆ. ಆದರೆ ಮೊನ್ನೆ ನಾನು, “ಇಲ್ಲಿ ನಡ್ಕೊಂಡು ಹೋಗೋರು ಯಾರೂ ಇಲ್ವಾ?” ಎಂದು ಕೇಳಿದರೆ, “ಅವ್ರೆಲ್ಲ ಬೇಡ ಅಜ್ಜಿ, ಗೇಮ್ ಸ್ಲೋ ಆಗುತ್ತೆ,” ಎಂದಿರಿ. ನನಗೆ ಮೈ ಉರಿಯಿತು. ನಿಮ್ಮ ಕಿಟಕಿಯ ಕೆಳಗೇ ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸರು ಕಾರುಗಳ ನಡುವೆ ರಸ್ತೆ ದಾಟುತ್ತಾರೆ. ಮೊದಲು ಅವರನ್ನು ನಿಮ್ಮ ಆಟದ ರಸ್ತೆಗೆ ಇಳಿಸಿ. ಬೋರ್ಡು ಎಲ್ಲಿ ನೆಡಬೇಕು ಅಂತ ಆಮೇಲೆ ಮಾತಾಡೋಣ.